ಕಡ ತಂದ ಹೊಲ

ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಎಲ್ಲವೂ ಮೊದಲಿನಂತೆಯೇ ಇತ್ತು. ಅದೇ ಅವಳಿಗೆ ಅರ್ಥವಾಗಲಿಲ್ಲ. ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಬಾಗಿಲಲ್ಲಿ ಪ್ಯಾಕೆಟ್ ಇಟ್ಟುಹೋದ. ಎದುರು ಮನೆಯವರ ಸ್ಕೂಟರ್ ಎಂದಿನಂತೆ ಹಟ ಹಿಡಿಯಿತು. ಅವರು ಎಂದಿನಂತೆ ಅದಕ್ಕೆ ಬೈದರು.

ಅವಳು ಅತ್ತಿರಲಿಲ್ಲ. ತಿರುವಿನಲ್ಲಿ ಬಂದ ಲಾರಿ, ಆಸ್ಪತ್ರೆಯ ಕಾರಿಡಾರು, ಗಂಡನ ಅಂತ್ಯಕ್ರಿಯೆ, ಯಾವುದಕ್ಕೂ ಕಣ್ಣೀರು ಬಂದಿರಲಿಲ್ಲ. ಜೋಮು ಹಿಡಿದ ಕೈಯನ್ನು ಚಿವುಟಿದರೂ ನೋಯುವುದಿಲ್ಲವಲ್ಲ, ಹಾಗೆ ಅವಳ ಇಡೀ ಜೀವಕ್ಕೇ ಜೋಮು ಹಿಡಿದಿತ್ತು. ನೋಡಿದವರು ‘ಗಟ್ಟಿಗಿತ್ತಿ’ ಎಂದರು. ಕೆಲವರು ಬೇರೆ ಏನೋ ಅಂದಿರಬೇಕು. ಅದು ಅವಳ ಕಿವಿಗೆ ಬೀಳಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದರು.

“ಇವತ್ತು ಕೆಲಸಕ್ಕೆ ಹೋಗ್ತೀಯಾ?” ತಿರುಗದೆಯೇ ಕೇಳಿದರು.

“ಹೋಗಲಾ ಅತ್ತೆ?”

“ಹೋಗು. ಇಲ್ಲಿ ಕೂತು ನಾನು ನಿನ್ನ ಮುಖ ನೋಡೋದು, ನೀನು ನನ್ನ ಮುಖ ನೋಡೋದು. ಇಬ್ಬರಿಗೂ ಅವನೇ ಕಾಣ್ತಾನೆ.”

ಅಷ್ಟರಲ್ಲಿ ಶೆಲ್ಫಿನ ಮೇಲಿದ್ದ ಅವನ ಮೊಬೈಲ್ ಬಡಿದುಕೊಳ್ಳತೊಡಗಿತು. ಇಬ್ಬರೂ ಅದನ್ನು ಹಾವನ್ನು ನೋಡುವಂತೆ ನೋಡಿದರು. ಪರದೆಯ ಮೇಲೆ ‘ಹೊಲದಮ್ಮ’ ಎಂದಿತ್ತು. ಅವಳು ಎತ್ತಿಕೊಂಡಳು.

“ಮಗಳೇ, ನೀನೇನಾ?” ಆ ಕಡೆಯ ದನಿ ಅಳುಕುತ್ತಿತ್ತು. “ನಿನ್ನ ನಂಬರು ನನ್ನ ಹತ್ರ ಇಲ್ಲ ಕಣಮ್ಮಾ. ಅದಕ್ಕೇ ಇದಕ್ಕೆ ಮಾಡ್ದೆ. ಯಾರೂ ಎತ್ತದಿದ್ರೆ ಸಾಕು ಅಂತಾನೂ ಅಂದ್ಕೊಂಡೆ, ಎತ್ತಲಿ ಅಂತಾನೂ ಅಂದ್ಕೊಂಡೆ.”

“ಹೇಳಿ ಅಮ್ಮಾ.”

“ಇದು ಕೇಳೋ ಹೊತ್ತಲ್ಲ. ಆದ್ರೆ ಮಣ್ಣಿನ ಹದ ಯಾರ ದುಃಖಾನೂ ಕಾಯಲ್ಲ ನೋಡು. ನಾಳೆ ನನ್ನ ತಮ್ಮ ಟ್ರ್ಯಾಕ್ಟರ್ ಹೂಡ್ತಾನೆ. ಹೊಲದ ನಡುವೆ ನಿನ್ನ ಗಂಡ ತಗೊಂಡಿದ್ದ ಆ ಪಟ್ಟಿ... ಈ ಸಲ ಕೊಯ್ಲಾದ್ಮೇಲೆ ಬಿಟ್ಕೊಡ್ತೀನಿ ಅಂದಿದ್ದ.”

“ನಾನು ಬರ್ತೀನಿ,” ಎಂದಳು. ತಾನು ಯಾಕೆ ಹಾಗಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಅತ್ತೆ ನಲ್ಲಿ ನಿಲ್ಲಿಸಿದರು. “ಆ ಹೊಲ ಇನ್ನೂ ವಾಪಸ್ ಕೊಟ್ಟಿಲ್ವಾ ಅವನು? ಚಿಕ್ಕವನಿದ್ದಾಗ ಪಕ್ಕದ ಮನೆ ಕೊಡೆ ತಂದ. ಅವರು ಮೂರು ಮಳೆಗಾಲ ನೆನೆದ್ರು. ತಂದದ್ದನ್ನ ವಾಪಸ್ ಕೊಡೋದು ಅವನ ಜಾತಕದಲ್ಲೇ ಇಲ್ಲ.” ನಗಲು ಹೋದರು, ಆಗಲಿಲ್ಲ. ಮತ್ತೆ ನಲ್ಲಿ ತಿರುಗಿಸಿದರು.

*

ಬಸ್ಸಿನ ಕಿಟಕಿಯ ಪಕ್ಕ ಕೂತಳು. ಪಕ್ಕದ ಸೀಟು ಖಾಲಿ ಇತ್ತು. ಬಂದವರು ಅವಳ ಮುಖ ನೋಡಿ ಮುಂದೆ ಹೋಗಿ ಕೂರುತ್ತಿದ್ದರು.

ಈ ದಾರಿಯಲ್ಲಿ ಎಷ್ಟು ಸಲ ಅವನ ಪಕ್ಕ ಕೂತು ಬಂದಿದ್ದಳೋ. ಇಬ್ಬರೂ ಒಂದೇ ಸಂಶೋಧನಾ ಕೇಂದ್ರದವರು. ಅವನ ಕೆಲಸ ಬೇರು. ಕೊಳವೆ ಇಳಿಸಿ ಮಣ್ಣಿನ ಕಂಬ ತೆಗೆಯುವುದು, ಜರಡಿಯ ಮೇಲಿಟ್ಟು ನೀರು ಬಿಡುವುದು, ಉಳಿದ ಬೇರುಗಳನ್ನು ಚಿಮಟದಿಂದ ಎತ್ತಿ ಹರಡಿ ಅಳೆಯುವುದು. ಎಲ್ಲರೂ ಅವನನ್ನು ಬೇರಪ್ಪ ಎನ್ನುತ್ತಿದ್ದರು. ಅವಳ ಕೆಲಸ ಮಣ್ಣಿನ ಉಸಿರು. ಮಣ್ಣಿಗೂ ಉಸಿರಿದೆ; ಒಳಗಿನ ಬೇರುಗಳು, ಕಣ್ಣಿಗೆ ಕಾಣದ ಜೀವಿಗಳು ಇಂಗಾಲವನ್ನು ತಿಂದು ಅನಿಲವಾಗಿ ಗಾಳಿಗೆ ಬಿಡುತ್ತಲೇ ಇರುತ್ತವೆ. ನೆಲದಲ್ಲಿ ಹೂತ ಬಳೆಯಂಥ ಉಂಗುರದ ಮೇಲೆ ಡಬ್ಬಿಯೊಂದನ್ನು ಕವುಚಿ, ಒಳಗೆ ಆ ಅನಿಲ ಎಷ್ಟು ಏರುತ್ತದೆಂದು ಮೀಟರಿನಲ್ಲಿ ನೋಡಬೇಕು. ಅವನು ಅವಳಿಗೆ ಇಟ್ಟ ಹೆಸರು ಮುಚ್ಚಳ ಮೇಡಂ.

ಹೆಸರಿಟ್ಟದ್ದು ಸಿಟ್ಟಿನಲ್ಲಿ. ಅವಳು ಕೇಂದ್ರಕ್ಕೆ ಸೇರಿದ ಹೊಸತು. ನೆಲ ಉಳದಿದ್ದರೆ ಇಂಗಾಲ ಮಣ್ಣಲ್ಲೇ ಉಳಿಯುತ್ತದೆ ಎಂಬುದು ಅವನ ವಾದ. ಅವನು ಉಳದೆ ಬಿಟ್ಟಿದ್ದ ಪ್ರಯೋಗದ ತಾಕಿನ ಮೇಲೆ ಒಂದು ತಿಂಗಳು ಡಬ್ಬಿ ಇಟ್ಟು, ಮೀಟಿಂಗಿನಲ್ಲಿ ಎದ್ದು ನಿಂತು, ‘ಉಳದ ನೆಲವೇ ಉತ್ತ ನೆಲಕ್ಕಿಂತ ಹೆಚ್ಚು ಅನಿಲ ಬಿಡುತ್ತಿದೆ’ ಎಂದಿದ್ದಳು. ಮೀಟಿಂಗ್ ಮುಗಿಯುವುದೇ ತಡ, ಅವನು ಮೊಣಕೈವರೆಗೆ ಕೆಸರಾಗಿ, ಕೈಯಲ್ಲಿ ಸೋರುವ ಜರಡಿ ಹಿಡಿದು ಅವಳ ಟೇಬಲ್ಲಿನ ಮುಂದೆ ನಿಂತಿದ್ದ.

“ಮೇಡಂ, ನನ್ನ ತಾಕಿನ ಮೇಲೆ ನಿಮಗೇನು ಹಗೆ?”

“ಹಗೆ ನನಗಲ್ಲ, ಮೀಟರಿಗೆ. ಟೇಬಲ್ ಮೇಲೆ ನೀರು ಬೀಳ್ತಿದೆ.”

“ನಿಮ್ಮ ಮೀಟರ್ ಸುಳ್ಳು ಹೇಳ್ತಿದೆ.”

“ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳೋದು.”

ಅವನು ಅವಳನ್ನು ನೋಡಿದ. ಸಿಟ್ಟು ಕಣ್ಣಲ್ಲಿತ್ತು, ತುಟಿಯ ತುದಿ ಮಾತ್ರ ಮಾಲೀಕನ ಮಾತು ಕೇಳದೆ ನಗುತ್ತಿತ್ತು.

ಇಬ್ಬರೂ ಒಟ್ಟಿಗೇ ಮತ್ತೆ ಅಳೆಯುವುದೆಂದಾಯಿತು. ಅವಳು ಡಬ್ಬಿ ಕವುಚಿದಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಬೇರುಗಳ ಗುಣಗಾನ ಶುರುಮಾಡಿದ. ಅಂಕಿ ಏರಿತು. ಅವನು ನೀರು ತರಲು ಎದ್ದುಹೋದ. ಅಂಕಿ ಇಳಿಯಿತು. ವಾಪಸ್ ಬಂದು ಕೂತ, ಬಾಯಿ ತೆರೆದ; ಅಂಕಿ ಏರಿತು. ಅವಳು ಅಂಕಿಯನ್ನು ನೋಡಿದಳು, ಅವನನ್ನು ನೋಡಿದಳು, ಬಗ್ಗಿ ಮುಚ್ಚಳದ ರಬ್ಬರನ್ನು ನೋಡಿದಳು. ಅವನು ಕೂರುವ ಕಡೆಗೇ ಕೂದಲೆಳೆಯಷ್ಟು ಬಿರುಕಿತ್ತು.

“ಒಂದು ತಿಂಗಳಿಂದ ಈ ಕಡೆಗೇ ಕೂತ್ಕೊಳ್ತಿದ್ರಾ?”

“ದಿನಾ. ನೀವು ಬರೋದೇ ಇಲ್ಲಿಗೆ ಅಂತ ಗೊತ್ತಿತ್ತಲ್ಲ.”

“ಬೇರೆ ತಾಕುಗಳ ಹತ್ರ?”

“ಅಲ್ಲಿ ನನಗೇನು ಕೆಲಸ?”

ಅವಳ ಕೆನ್ನೆ ಬಿಸಿಯಾಯಿತು. “ನೀವು ಮಾತಾಡ್ತಾ ಬಿಟ್ಟ ಉಸಿರೆಲ್ಲ ಮಣ್ಣಿನ ಲೆಕ್ಕಕ್ಕೆ ಹೋಗಿದೆ.”

ಅವನು ಹೊಟ್ಟೆ ಹಿಡಿದು ನಕ್ಕ. “ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರೆ. ನಮ್ಮಲ್ಲಿ ಎರಡೂ ಸೇರಿ ವಿಜ್ಞಾನ ಕೆಡಿಸಿವೆ. ಎಷ್ಟು ಬಂತು ಮೇಡಂ, ನನ್ನ ಮಾತು?”

“ಉತ್ತ ಹೊಲಕ್ಕಿಂತ ಜಾಸ್ತಿ.”

ಹೊಸ ರಬ್ಬರು ಬಂತು. ಆದರೂ ಅವನು ದಿನಾ ಬಂದ. ಡಬ್ಬಿ ಮುಚ್ಚಿದಷ್ಟು ಹೊತ್ತು ಬಾಯಿಗೆ ಕರವಸ್ತ್ರ ಒತ್ತಿಕೊಂಡು, ದೊಡ್ಡ ತಪ್ಪಿತಸ್ಥನಂತೆ ಕೂರುತ್ತಿದ್ದ. ಕರವಸ್ತ್ರದ ಮೇಲೆ ಎರಡು ಕಣ್ಣು ಮಾತ್ರ. ಅವಳು ಮೀಟರಿನಿಂದ ಕಣ್ಣು ಎತ್ತಬಾರದು. ಎತ್ತಿದರೆ ಅಂಕಿ ತಪ್ಪುತ್ತದೆ. ಎತ್ತುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅಂಗೈಯಲ್ಲಿ ಒಂದು ಬೇರನ್ನು ಮಲಗಿಸಿ ತಂದ. “ಇದು ಗೋಧಿ ಬೇರು. ಇಷ್ಟು ಆಳಕ್ಕೆ ತಾನಾಗೇ ಇಳಿಯೋ ಶಕ್ತಿ ಇದಕ್ಕಿಲ್ಲ. ಹೋದ ವರ್ಷದ ಸೂರ್ಯಕಾಂತಿ ಬೇರು ಕೊಳೆತು ಒಳಗೊಂದು ದಾರಿ ಬಿಟ್ಟಿತ್ತು, ಇದು ಅದೇ ದಾರೀಲಿ ಇಳಿದಿದೆ. ಬೆಳೆ ಬದಲಾಯಿಸಿದ್ರೆ ತಾನೇ ಈ ಭಾಗ್ಯ? ಗೋಧಿ ಮೇಲೆ ಗೋಧಿ ಬಿತ್ತಿದ್ರೆ ಎಲ್ಲಾ ಮೇಲ್ಮೇಲೇ ಗುದ್ದಾಡ್ತಾ ಇರ್ತವೆ.”

“ಚೆನ್ನಾಗಿದೆ,” ಎಂದಳು.

“ನಿಮ್ಮ ಅಪ್ಪನ್ನ ಯಾವಾಗ ನೋಡ್ಲಿ?”

“ಗೋಧಿ ಬೇರಿಗೂ ನಮ್ಮಪ್ಪನಿಗೂ ಏನು ಸಂಬಂಧ?”

“ಒಂದು ಕಡ ಕೇಳೋದಿತ್ತು.”

“ಏನನ್ನ?”

ಅವನು ಬೇರನ್ನು ಅವಳ ಅಂಗೈಗೆ ಜಾರಿಸಿ ಅವಳನ್ನೇ ನೋಡಿದ.

“ವಾಪಸ್ ಯಾವಾಗ ಕೊಡ್ತೀರಾ?” ಎಂದು ಅವಳೇ ಕೇಳಿದ್ದಳು.

“ನನಗೆ ವಾಪಸ್ ಕೊಟ್ಟು ಅಭ್ಯಾಸ ಇಲ್ಲ.”

ಬಸ್ಸು ಗಕ್ಕನೆ ನಿಂತಿತು. “ಯಾರ್ರೀ ಹೊಲದ ಸ್ಟಾಪು?” ಕಂಡಕ್ಟರ್ ಕೂಗಿದ. ಅವಳು ಎದ್ದಳು.

*

ಹೊಲದಮ್ಮ ಬದುವಿನ ಮೇಲೆ ಕಾಯುತ್ತಿದ್ದರು. ಎತ್ತರದ, ಬಿಸಿಲಿಗೆ ಬೆಂದ ಹೆಂಗಸು. ಗಂಡ ಹೋದಮೇಲೆ ತಮ್ಮನ ಜೊತೆ ಸೇರಿ ಬೇಸಾಯ ನಡೆಸುತ್ತಿದ್ದವರು. ಅವಳ ಕೈ ಹಿಡಿದು, ಒರಟು ಹೆಬ್ಬೆರಳಿನಿಂದ ಒಮ್ಮೆ ಸವರಿ, “ಏನಾದ್ರೂ ತಿಂದ್ಯಾ?” ಎಂದರು. ಅವಳು ಹೂಂ ಎಂದಳು. “ಸುಳ್ಳು,” ಎಂದರು.

ಮುಂದೆ ಅಗಲವಾದ ಹೊಲ. ಅದರ ನಟ್ಟನಡುವೆ, ನಾಲ್ಕು ಗೂಟಗಳ ಮಧ್ಯೆ, ಆ ಪಟ್ಟಿ. ಸುತ್ತಲಿನ ನೆಲವನ್ನು ವರ್ಷವೂ ಉತ್ತು ಗೋಧಿಯ ಮೇಲೆ ಗೋಧಿ ಬಿತ್ತುತ್ತಿದ್ದರು. ಪಟ್ಟಿಯಲ್ಲಿ ಮಾತ್ರ ಬೆಳೆ ಸರದಿಯಂತೆ ಬದಲಾಗುತ್ತಿತ್ತು: ಗೋಧಿ, ಬಟಾಣಿ, ಸೂರ್ಯಕಾಂತಿ. ಅದರಲ್ಲೂ ಅರ್ಧಕ್ಕೆ ಅವನು ನೇಗಿಲು ತಾಗಿಸುತ್ತಿದ್ದ, ಇನ್ನರ್ಧಕ್ಕೆ ಇಲ್ಲ. ಕೇಂದ್ರದ ತಾಕುಗಳು ಚಿಕ್ಕವು. ನಿಜವಾದ ರೈತರ ಹೊಲದಲ್ಲೇ ನೋಡಬೇಕೆಂಬುದು ಅವನ ಆಸೆ.

“ಉಳೋಕೆ ಹೊಲ ಕೇಳೋರನ್ನ ನೋಡಿದೀನಿ,” ಹೊಲದಮ್ಮ ಅಂದರು. “ಉಳದೇ ಇರೋಕೆ ಹೊಲ ಕೇಳ್ದೋನು ನಿನ್ನ ಗಂಡ ಒಬ್ಬನೇ. ತಲೆ ನೆಟ್ಟಗಿದೆಯೇನಪ್ಪಾ ಅಂದೆ. ‘ಮನೇಲಿ ಹೆಂಡ್ತೀನ ಕೇಳಿ ಹೇಳ್ತೀನಿ’ ಅಂದ! ಎರಡೇ ವರ್ಷ ಅಂತ ತಗೊಂಡ. ಆಮೇಲೆ ಇನ್ನೊಂದೇ ಬೆಳೆ, ಇನ್ನೊಂದೇ ಬೆಳೆ ಅಂತ ಐದು ವರ್ಷ ಎಳೆದ.”

ಅವಳಿಗೆ ಗೊತ್ತಿತ್ತು. ಆ ‘ಇನ್ನೊಂದೇ ಬೆಳೆ’ಗೆ ಅವರಿಬ್ಬರ ನಡುವೆ ಈಚೆಗಷ್ಟೇ ಜಗಳವಾಗಿತ್ತು. ‘ನಿನ್ನ ಪ್ರಯೋಗದ ಉತ್ತರ ಬಂದಾಯ್ತು, ಪಾಪ, ಅವರ ನೆಲ ಅವರಿಗೆ ಕೊಡು’ ಎಂದಿದ್ದಳು ಅವಳು. ಉತ್ತರ ಅವನಿಗೆ ಹಿಡಿಸಿರಲಿಲ್ಲ. ಉಳದ ಅರ್ಧದಲ್ಲಿ ಇಂಗಾಲ ಹೆಚ್ಚು ಉಳಿದದ್ದು ನಿಜ, ಆದರೆ ಮೇಲಿನ ಒಂದು ಗೇಣಿನಲ್ಲಿ ಮಾತ್ರ. ಅದರ ಕೆಳಗೆ ಉತ್ತದ್ದೂ ಉಳದದ್ದೂ ಒಂದೇ. ಬೆಳೆ ಬದಲಾಯಿಸಿದ್ದೇ ಆಳದಲ್ಲಿ ಹೆಚ್ಚು ಕೆಲಸ ಮಾಡಿತ್ತು. ‘ಐದು ವರ್ಷ ಕಾದದ್ದಕ್ಕೆ ಒಂದು ಗೇಣಾ? ನಿನ್ನ ಆಳದ ಲೆಕ್ಕ ನನ್ನ ಹೊಟ್ಟೆ ಉರಿಸುತ್ತೆ ಕಣೇ’ ಎಂದು ತಟ್ಟೆ ಬಿಟ್ಟು ಎದ್ದಿದ್ದ. ಮರುದಿನ ತಾನಾಗೇ ತಣ್ಣಗಾಗಿ ಹೊಲದಮ್ಮನಿಗೆ ಫೋನ್ ಮಾಡಿ ಬಿಟ್ಟುಕೊಡುತ್ತೇನೆ ಎಂದಿದ್ದ.

“ಏನಂತೀಯಾ ಮಗಳೇ?”

ಅವಳು ಪಟ್ಟಿಯನ್ನು ನೋಡಿದಳು. ಕೊಯ್ದ ಗೋಧಿಯ ಕೂಳೆ ಸಾಲುಸಾಲಾಗಿ ನಿಂತಿತ್ತು. ಅವನು ಕಡೆಯ ಸಲ ಕೊಳವೆ ಇಳಿಸಿದ ಗುಂಡಿಗಳು ಇನ್ನೂ ದುಂಡಗೆ ಬಾಯಿ ತೆರೆದುಕೊಂಡಿದ್ದವು. ಅವುಗಳ ಸುತ್ತ ಅವನ ಮೊಣಕಾಲು ಊರಿದ ತಗ್ಗು.

“ಅಮ್ಮಾ,” ಎಂದಳು, “ಇನ್ನೊಂದೇ ಬೆಳೆ.”

ಹೊಲದಮ್ಮ ಅವಳ ಮುಖವನ್ನೇ ನೋಡಿದರು. “ಅಯ್ಯೋ, ಇದು ಅವನ ಮಾತಲ್ವೇನೇ?”

ಅವಳು ತಲೆ ತಗ್ಗಿಸಿದಳು.

“ನೋಡು, ನನ್ನ ಕಷ್ಟಾನೂ ಹೇಳ್ಬಿಡ್ತೀನಿ. ನಡುವೆ ಇದೊಂದು ಇರೋದ್ರಿಂದ ಟ್ರ್ಯಾಕ್ಟರ್ ಎರಡೆರಡು ಕಡೆ ಸುತ್ತು ಹಾಕ್ಬೇಕು, ತಮ್ಮ ಗೊಣಗ್ತಾನೆ. ಉಳದ ಕಡೆ ಕಳೆ ಎದ್ದು ಆ ಕಡೆ ಈ ಕಡೆ ಹಾರುತ್ತೆ. ಐದು ವರ್ಷ ಬಗ್ಗಿ ಬಗ್ಗಿ ಕಿತ್ತಿದೀನಿ, ನನ್ನ ಸೊಂಟ ಕೇಳು. ಎಲ್ಲಾ ಅವನ ಮೇಲಿನ ಅಕ್ಕರೆಗೆ.” ದನಿ ತಗ್ಗಿಸಿದರು. “ಆದ್ರೂ ಕೊಡಲ್ಲ ಅನ್ನು, ಬಿಡ್ತೀನಿ. ಇಂಥಾ ಸಂಕಟದಲ್ಲಿ ನಿನ್ನ ಕೈಯಿಂದ ಕಿತ್ಕೊಳ್ಳೋಷ್ಟು ಕಲ್ಲೆದೆ ನಂದಲ್ಲ. ಬೇಕಾದಷ್ಟು ಹೊತ್ತು ಕೂತು ಯೋಚನೆ ಮಾಡು. ಮನೇಲಿರ್ತೀನಿ.”

ಅವರು ಹೋದರು. ಕಿತ್ತುಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ಕೊಡುವುದೂ ಇಟ್ಟುಕೊಳ್ಳುವುದೂ ಅವಳದೇ ಆಯಿತು.

*

ಅವಳು ಪಟ್ಟಿಯ ಮಧ್ಯೆ ಹೋಗಿ ಕೂತಳು. ಗಾಳಿ ಕೂಳೆಯಲ್ಲಿ ಸಣ್ಣಗೆ ಸದ್ದುಮಾಡುತ್ತಿತ್ತು. ಸುತ್ತ ಯಾರೂ ಇಲ್ಲ. ಮನೆಯಲ್ಲಿ ಅತ್ತೆ ಇದ್ದರು, ಬಸ್ಸಿನಲ್ಲಿ ಜನ ಇದ್ದರು. ಅಲ್ಲೆಲ್ಲ ಒಂಟಿತನಕ್ಕೆ ಕೂರಲು ಜಾಗವಿರಲಿಲ್ಲ. ಇಲ್ಲಿ ಅದು ಪಕ್ಕದಲ್ಲೇ ಬಂದು ಕೂತಿತು.

ಇಟ್ಟುಕೊಂಡರೆ ಏನು? ಮತ್ತೆ ಬಟಾಣಿ ಹಾಕಬಹುದು. ಬರಬಹುದು, ಕೂರಬಹುದು. ಈ ತಗ್ಗುಗಳು ಹೀಗೇ ಇರುತ್ತವೆ.

ಉತ್ತರೆ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಹೆಂಟೆಗಳು ಒಡೆಯುತ್ತವೆ. ಒಳಗೆ ಬಚ್ಚಿಟ್ಟುಕೊಂಡದ್ದಕ್ಕೆ ಗಾಳಿ ತಾಗುತ್ತದೆ. ಹಸಿದ ಜೀವಿಗಳು ಮುಗಿಬೀಳುತ್ತವೆ. ಮೊದಲ ಕೆಲವು ದಿನ ಮಣ್ಣು ಓಡಿ ಬಂದವರಂತೆ ಏದುಸಿರು ಬಿಡುತ್ತದೆ. ಮೀಟರಿನ ಗೆರೆ ಗುಡ್ಡದ ಹಾಗೆ ಏರಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಬೇರೆಯವರ ಹೊಲಗಳಲ್ಲಿ ಆ ಗುಡ್ಡವನ್ನು ಎಷ್ಟೋ ಸಲ ಅಳೆದಿದ್ದಳು. ಈ ಸಲ ಆ ಗೆರೆಯಲ್ಲಿ ಏರಿ ಗಾಳಿಗೆ ಹೋಗುವುದು ಅವನ ಬಟಾಣಿ, ಅವನ ಸೂರ್ಯಕಾಂತಿ, ಅವನು ಕಾದ ಒಂದೊಂದು ಹಂಗಾಮು.

ಅವಳು ಅಂಗೈಯನ್ನು ನೆಲದ ಮೇಲಿಟ್ಟು ಬೆರಳು ಅಗಲಿಸಿದಳು. ಕಿರುಬೆರಳಿನಿಂದ ಹೆಬ್ಬೆರಳಿಗೆ ಒಂದು ಗೇಣು. ನೇಗಿಲು ಹೋಗುವುದು ಇಷ್ಟೇ ಆಳ.

ಎಷ್ಟೋ ಹೊತ್ತು ಹಾಗೇ ಕೈ ಇಟ್ಟುಕೊಂಡು ಕೂತಿದ್ದಳು. ಅದರ ಕೆಳಗಿನದು? ಅವನ ಹೊಟ್ಟೆ ಉರಿಸಿದ ಆ ಲೆಕ್ಕ ಅವಳದೇ ತಾನೆ. ಕೆಳಗೆ, ಉತ್ತದ್ದೂ ಉಳದದ್ದೂ ಒಂದೇ. ಸೂರ್ಯಕಾಂತಿ ಇಳಿದ ಕಡೆ, ಅದರ ಹಿಂದೆ ಗೋಧಿ ಇಳಿದ ಕಡೆ, ಜೇಡಿಮಣ್ಣಿನ ಕಣಕ್ಕೆ ಅಂಟಿ ಕೂತ ಇಂಗಾಲಕ್ಕೆ ಯಾರ ಟ್ರ್ಯಾಕ್ಟರಿನ ಹಂಗೂ ಇಲ್ಲ. ಅದು ಅಲ್ಲೇ ಇರುತ್ತದೆ. ಮೇಲೆ ಯಾರು ಏನು ಬಿತ್ತಿದರೂ ಇರುತ್ತದೆ.

“ನಿನಗೆ ಇದು ಆಗ ಹಿಡಿಸ್ಲಿಲ್ಲ ಅಲ್ವಾ,” ಎಂದಳು, ಮೆಲ್ಲಗೆ, ಎದುರಿಗೆ ಯಾರೋ ಇದ್ದಂತೆ.

ಕೂಳೆಯಲ್ಲಿ ಗಾಳಿ ಸದ್ದುಮಾಡಿತು, ಅಷ್ಟೇ. ಅವಳು ಎದ್ದು ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡು ಹೊಲದಮ್ಮನ ಮನೆಯ ಕಡೆ ನಡೆದಳು.

“ಅಮ್ಮಾ, ನಾಳೆ ಟ್ರ್ಯಾಕ್ಟರ್ ಬರೋಕ್ಕೆ ಮುಂಚೆ ನಾನು ಬರ್ತೀನಿ. ಗೂಟ ನಾನೇ ಕೀಳ್ಬೇಕು.”

“ಮೀಟರು ಗೀಟರು ತರ್ತೀಯಾ?”

“ಇಲ್ಲ. ನಾಳೆ ಬರೀ ಕೊಡೋದು.”

*

ಮರುದಿನ ಬೆಳಿಗ್ಗೆ ಮೂರು ಗೂಟಗಳು ಸಲೀಸಾಗಿ ಬಂದವು. ನಾಲ್ಕನೆಯದು ಬರಲಿಲ್ಲ. ಅಲುಗಿಸಿದಳು, ತಿರುಚಿದಳು, ಎರಡೂ ಕಾಲು ಊರಿ ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ. ನೋಡಿ ನೋಡಿ ಹೊಲದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

“ಸರಿ, ಇಬ್ಬರೂ ಒಟ್ಟಿಗೆ. ಹೂಂ, ಎಳಿ!”

ಬರಲಿಲ್ಲ.

“ಥತ್! ಸತ್ರೂ ಬಿಡಲ್ಲ ಅಂತಾನಲ್ಲೇ ನಿನ್ನ ಗಂಡ!”

ಅಂದವರೇ ಹೊಲದಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣು ಗಾಬರಿಯಿಂದ ಅರಳಿತು. ಅವಳು ಅವರನ್ನೇ ನೋಡುತ್ತ ನಿಂತಳು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ತಡೆಯಲಾಗದೆ ನಗು ಬಂತು. ಎಷ್ಟು ನಕ್ಕಳೆಂದರೆ ಗೂಟಕ್ಕೆ ಒರಗಿಕೊಂಡೇ ನಕ್ಕಳು. ಯಾವಾಗ ಅದು ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಹೊಲದಮ್ಮ ಪಕ್ಕದಲ್ಲಿ ಕೂತು, ಬೆನ್ನು ಸವರುತ್ತ, “ಬರಲಿ, ಬರಲಿ, ಎಲ್ಲಾ ಬರಲಿ,” ಎನ್ನುತ್ತಿದ್ದರು.

ಬಹಳ ಹೊತ್ತಿನ ಮೇಲೆ ಗೂಟ ತಾನೇ ಸಡಿಲಗೊಂಡು ಕೈಗೆ ಬಂತು. ಅದರ ತುದಿಗೆ ಬಿಳಿಯ ಬೇರುಗಳು ಬಲೆಯಂತೆ ಸುತ್ತಿಕೊಂಡಿದ್ದವು. ಅವಳು ಅವನ್ನು ಬಿಡಿಸಿ ಗುಂಡಿಯೊಳಕ್ಕೇ ಬಿಟ್ಟು ಕಾಲಿನಿಂದ ಮಣ್ಣು ಎಳೆದಳು.

“ಅವನು ಬಾಯ್ಬಿಟ್ಟು ಕೇಳಿ ತಗೊಂಡಿದ್ದ,” ಹೊಲದಮ್ಮ ಎದ್ದು ನಿಂತರು. “ನೀನೂ ಬಾಯ್ಬಿಟ್ಟು ಹೇಳಿ ಕೊಡು. ಹಾಗಾದ್ರೆ ನಂಗೂ ನೆಮ್ಮದಿ.”

ಅವಳು ಮುಖ ಒರೆಸಿಕೊಂಡಳು.

“ನನ್ನ ಗಂಡ ನಿಮ್ಮ ಹತ್ರ ಕಡ ತಗೊಂಡಿದ್ದ ಹೊಲ ಇದು, ಅಮ್ಮಾ. ಅವನಿಗೆ ಇದು ತುಂಬಾ ಇಷ್ಟ ಇತ್ತು.” ಕೈಯಲ್ಲಿದ್ದ ಗೂಟವನ್ನು ಅವರ ಕಡೆ ಚಾಚಿದಳು. “ತಗೊಳ್ಳಿ.”

“ತಗೊಂಡೆ ಮಗಳೇ.”

ಹೊಲದ ಆಚೆ ತುದಿಯಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತ ನಿಂತಿತ್ತು. ಹೊಲದಮ್ಮನ ತಮ್ಮ ಸೀಟಿನ ಮೇಲೆ ಎದ್ದು ನಿಂತು ಕೂಗಿದ: “ಅಕ್ಕಾ, ನಡುವೆ ಬಿಟ್ಟು ಹೋಗ್ಲಾ, ನೇರ ಬರ್ಲಾ?”

ಹೊಲದಮ್ಮ ಅವಳ ಕಡೆ ತಿರುಗಿದರು.

ಅವಳು ಪಟ್ಟಿಯಿಂದಾಚೆ ಬಂದು ಬದು ಹತ್ತಿ, ಕೈ ಎತ್ತಿ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ನೇರ ಬನ್ನಿ!”